ಭೇದಿಗೆ ಸಕ್ಕರೆ ಯಾಕೆ? ಒಂದು ಲೋಟ ಓಆರ್‌ಎಸ್ ಹಿಡ್ಕೊಂಡು ಕೋಶದೊಳಗೆ

ಹೋದ ವರ್ಷ ಮಾವಿನಹಣ್ಣಿನ ಕಾಲದಲ್ಲಿ ಅಕ್ಕ ಮಗನ್ನ ಕರ್ಕೊಂಡು ಊರಿಗೆ ಬಂದಿದ್ಲು, ಎರಡನೇ ದಿನ ರಾತ್ರಿನೇ ಹುಡುಗನಿಗೆ ವಾಂತಿ ಭೇದಿ ಶುರು ಆಯ್ತು. ಮೂರೂವರೆ ವರ್ಷದ ಮಗು. ಹನ್ನೊಂದು ಗಂಟೆ ಹೊತ್ತಿಗೆ ಆರೇಳು ಸಲ ಆಗಿತ್ತು, ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿತ್ತು, ನೀರು ನೀರು ಅಂತ ಕೇಳ್ತಾನೆ, ಕೊಟ್ರೆ ಗಟಗಟ ಕುಡೀತಾನೆ, ಹತ್ತು ನಿಮಿಷಕ್ಕೆ ಎಲ್ಲ ಹೊರಗೆ. ಅಮ್ಮ ಕಾಯಿಸಿ ಆರಿಸಿಟ್ಟಿದ್ದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪ್ಯಾಕೆಟ್ ಒಡೆದು ಹಾಕಿ, ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು, ಟೀ ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸ್ತಾ ಕೂತ್ಲು. ಅಕ್ಕ ಪ್ಯಾಕೆಟ್ ಹಿಂದೆ ಬರೆದಿರೋದನ್ನ ಓದಿ "ಇದರಲ್ಲಿ ಉಪ್ಪಿಗಿಂತ ಗ್ಲೂಕೋಸೇ ಜಾಸ್ತಿ ಇದೆಯಲ್ಲಮ್ಮ, ಭೇದಿ ಆದಾಗ ಸಿಹಿ ಕೊಡಬೇಡ ಅಂತ ನೀನೇ ಹೇಳ್ತಿದ್ದೆ" ಅಂದ್ಲು. "ಡಾಕ್ಟ್ರು ಹೇಳಿದಾರೆ ಕಣೆ, ನೀನು ಲೋಟ ಹಿಡ್ಕೋ" ಅಂದ್ಲು ಅಮ್ಮ.

ಅಕ್ಕನ ಪ್ರಶ್ನೆ ಸಣ್ಣದೇನಲ್ಲ. ಅದಕ್ಕೆ ಪೂರ್ತಿ ಉತ್ತರ ಹೇಳ್ಬೇಕು ಅಂದ್ರೆ ಕೋಶಪೊರೆ ಬರುತ್ತೆ, ಅದರಲ್ಲಿರೋ ಬಾಗಿಲುಗಳು ಬರುತ್ತವೆ, ಒಳಗಿರೋ ಮೈಟೋಕಾಂಡ್ರಿಯಾ, ಗಾಲ್ಜಿ ಎಲ್ಲ ಬರುತ್ತವೆ. ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳ್ಕೊಡ್ತೀನಿ, ವರ್ಷಾ ವರ್ಷಾ ಕೋಶದ ಪಾಠ ಬಂದಾಗ ಮಕ್ಕಳು ಅಂದವಾಗಿ ಚಿತ್ರ ಬರೀತಾರೆ, ಬಾಣ ಹಾಕಿ ಹೆಸರು ಗುರುತಿಸ್ತಾರೆ, "ಮೈಟೋಕಾಂಡ್ರಿಯಾ ಕೋಶದ ಶಕ್ತಿಕೇಂದ್ರ" ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ, ಆದ್ರೆ ಆ ಶಕ್ತಿ ಯಾತಕ್ಕೆ ಖರ್ಚಾಗುತ್ತೆ ಅಂದ್ರೆ ಕ್ಲಾಸಲ್ಲಿ ಯಾರೂ ಬಾಯಿ ಬಿಡಲ್ಲ. ನಂಗೆ ಇದು ತುಂಬ ಬೇಜಾರಿನ ವಿಷಯ, ಯಾಕಂದ್ರೆ ಆ ಭಾಗಗಳು ಬಿಡಿಬಿಡಿ ಹೆಸರುಗಳಲ್ಲ, ಒಂದರ ಕೆಲಸ ಇನ್ನೊಂದಕ್ಕೆ ಕೊಂಡಿ ಹಾಕ್ಕೊಂಡಿರುತ್ತೆ, ಆ ಕೊಂಡಿ ಕಂಡ್ರೇನೇ ಕೋಶ ಅರ್ಥ ಆಗೋದು. ಅದಕ್ಕೆ ಅವತ್ತಿನ ಆ ಲೋಟದ ನೀರನ್ನೇ ಹಿಡ್ಕೊಂಡು ಹೋಗೋಣ.

ಸಣ್ಣ ಕರುಳಿನ ಒಳಗೋಡೆ ಮೇಲೆ ಬಟ್ಟೆ ಹಾಸಿದ ಹಾಗೆ ಕೋಶಗಳ ಒಂದು ಪದರ ಇದೆ, ಒಂದೇ ಪದರ. ಒಂದೊಂದು ಕೋಶದ ಎತ್ತರ ಸುಮಾರು 25 ಮೈಕ್ರೋಮೀಟರ್, ಅಂದ್ರೆ ನಮ್ಮ ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗ ಅಷ್ಟೇ. ಅದರ ಒಂದು ಮುಖ ನಾವು ತಿಂದ ಊಟದ ಕಡೆಗೆ, ಇನ್ನೊಂದು ಮುಖ ರಕ್ತದ ಕಡೆಗೆ. ಊಟದ ಕಡೆಯ ಮುಖದಲ್ಲಿ ಬ್ರಷ್ಷಿನ ಎಳೆ ಥರ ಸಾವಿರಾರು ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ, ಮೈಕ್ರೋವಿಲ್ಲೈ ಅಂತ ಅವಕ್ಕೆ ಹೆಸರು. ಕರುಳಿನ ಮಡಿಕೆ, ಅದರ ಮೇಲಿನ ಬೆರಳಿನಂಥ ವಿಲ್ಲೈ, ಅದರ ಮೇಲೆ ಈ ಎಳೆಗಳು, ಎಲ್ಲ ಬಿಡಿಸಿ ಹಾಸಿದ್ರೆ ಸುಮಾರು 30 ಚದರ ಮೀಟರ್ ಆಗುತ್ತೆ, ಬೆಂಗಳೂರಿನ ಮೂವತ್ತು-ನಲವತ್ತು ಅಡಿ ಸೈಟಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಇಷ್ಟು ಜಾಗ ಯಾಕೆ ಬೇಕು ಅಂದ್ರೆ ಕೆಲಸ ಅಷ್ಟಿದೆ. ದೊಡ್ಡವರ ಕರುಳಿಗೆ ದಿನಕ್ಕೆ 8ರಿಂದ 9 ಲೀಟರ್ ದ್ರವ ಬರುತ್ತೆ. ನಾವು ಕುಡಿಯೋದು ತಿನ್ನೋದು ಸೇರಿ 2 ಲೀಟರ್ ಇರಬಹುದು, ಮಿಕ್ಕಿದ್ದೆಲ್ಲ ನಮ್ಮ ದೇಹವೇ ಸುರಿಯೋ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ. ಇದರಲ್ಲಿ ಮಲದ ಜೊತೆ ಹೊರಗೆ ಹೋಗೋದು 100-200 ಎಂಎಲ್ ಮಾತ್ರ, ಉಳಿದದ್ದನ್ನೆಲ್ಲ ಕರುಳು ವಾಪಸ್ ರಕ್ತಕ್ಕೆ ಸೇರಿಸುತ್ತೆ. ಹಾಗಾಗಿ ಭೇದಿ ಅಂದ್ರೆ ಕುಡಿದ ನೀರಷ್ಟೇ ಹೊರಗೆ ಹೋಗೋದಲ್ಲ, ವಾಪಸ್ ಬರಬೇಕಿದ್ದ ನಮ್ಮದೇ ಏಳು ಲೀಟರಿನ ಲೆಕ್ಕವೂ ತಪ್ಪೋದು.

ಈಗ ಪೊರೆಗೆ ಬರೋಣ. ಸಾರಿಗೆ ಒಗ್ಗರಣೆ ಹಾಕಿದಾಗ ಎಣ್ಣೆ ಹನಿಗಳು ಮೇಲೆ ತೇಲ್ತಾ ಒಂದನ್ನೊಂದು ಹುಡುಕ್ಕೊಂಡು ಸೇರ್ತವಲ್ಲ, ಕೋಶಪೊರೆ ನಿಂತಿರೋದೇ ಆ ಗುಣದ ಮೇಲೆ. ಪೊರೆಯ ಮುಖ್ಯ ಸಾಮಾನು ಫಾಸ್ಫೋಲಿಪಿಡ್, ಇದರ ಒಂದೊಂದು ಅಣುವಿಗೂ ನೀರು ಇಷ್ಟಪಡೋ ಒಂದು ತಲೆ, ನೀರನ್ನ ಕಂಡ್ರೆ ಆಗದ ಎರಡು ಕೊಬ್ಬಿನ ಬಾಲ. ನೀರಲ್ಲಿ ಬಿಟ್ರೆ ಯಾರೂ ಹೇಳ್ಕೊಡದೇನೇ ಅವು ಎರಡು ಸಾಲಾಗಿ ನಿಲ್ತವೆ, ತಲೆಗಳು ಹೊರಗೆ ನೀರಿನ ಕಡೆ, ಬಾಲಗಳು ಒಳಗೆ ಒಂದಕ್ಕೊಂದು ಮುಖ ಮಾಡಿ. 1925ರಲ್ಲಿ ನೆದರ್ಲೆಂಡ್ಸಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನ ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರ ಆಗೋ ಹಾಗೆ ಹರಡಿ ಅಳೆದ್ರು, ಅದು ಆ ಕಣಗಳ ಮೈಯ ಅಳತೆಗಿಂತ ಹತ್ರಹತ್ರ ಎರಡು ಪಟ್ಟು ಬಂತು, ಸರಿ ಹಾಗಾದ್ರೆ ಪೊರೆ ಎರಡು ಪದರದ್ದು ಅಂತ ತೀರ್ಮಾನಿಸಿದ್ರು. ಅವರ ಲೆಕ್ಕದಲ್ಲಿ ಎರಡು ತಪ್ಪು ಇದ್ವು ಅಂತ ಆಮೇಲೆ ಗೊತ್ತಾಯ್ತು, ಕೊಬ್ಬು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಮ್ಮಿ ಅಳೆದಿದ್ರು, ಎರಡೂ ಒಂದಕ್ಕೊಂದು ಸರಿಹೋಗಿ ಉತ್ತರ ಮಾತ್ರ ಸರಿಯಾಗೇ ಬಂತು.

ಈ ಎರಡು ಪದರದ ಕೊಬ್ಬು ಬರೀ 5 ನ್ಯಾನೋಮೀಟರ್ ದಪ್ಪ, ಆದ್ರೂ ಕಾವಲು ಭಾರಿ ಬಿಗಿ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ದಾಟಿ ಹೋಗ್ತವೆ. ಆದ್ರೆ ಉಪ್ಪು ನೀರಲ್ಲಿ ಕರಗಿದಾಗ ಆಗೋ ಸೋಡಿಯಂ ಅಯಾನು ಎಷ್ಟೇ ಸಣ್ಣದಿದ್ರೂ ದಾಟೋಕಾಗಲ್ಲ, ಅದಕ್ಕೆ ವಿದ್ಯುತ್ ಚಾರ್ಜ್ ಇದೆ, ಸುತ್ತ ನೀರಿನ ಅಣುಗಳನ್ನ ಅಂಟಿಸ್ಕೊಂಡಿರುತ್ತೆ, ಆ ನೀರನ್ನ ಬಿಟ್ಟು ಎಣ್ಣೆಯೊಳಗೆ ಇಳಿಯೋಕೆ ಅದು ಒಪ್ಪಲ್ಲ. ಗ್ಲೂಕೋಸಿನ ಕಥೆನೂ ಹಾಗೇ, ಅದು ದೊಡ್ಡದು, ನೀರಿಗೆ ಅಂಟೋದು. ಅಂದ್ರೆ ಅಮ್ಮ ಕುಡಿಸ್ತಿದ್ದ ಲೋಟದಲ್ಲಿದ್ದ ಎರಡು ಮುಖ್ಯ ಪದಾರ್ಥಗಳೂ ತಾವಾಗೇ ಒಳಗೆ ಹೋಗೋ ಪೈಕಿ ಅಲ್ಲ, ಅವಕ್ಕೆ ಬಾಗಿಲು ಬೇಕು. ಆ ಬಾಗಿಲುಗಳೇ ಪೊರೆಯೊಳಗೆ ಹುದುಗಿರೋ ಪ್ರೋಟೀನ್‌ಗಳು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ಚಿತ್ರದ ಪ್ರಕಾರ ಪೊರೆ ಅನ್ನೋದು ಗಾರೆ ಗೋಡೆ ಅಲ್ಲ, ಎಣ್ಣೆ ಥರ ಹರಿದಾಡೋ ಹಾಳೆ, ಅದರಲ್ಲಿ ಪ್ರೋಟೀನ್‌ಗಳು ತೇಲ್ತಾ ಇರ್ತವೆ.

ನೀರಿನ ವಿಷಯ ಬೇರೆ, ಮತ್ತೆ ಇಡೀ ಕಥೆ ತಿರುಗೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ. ಮಿಡಿ ಉಪ್ಪಿನಕಾಯಿ ಹಾಕೋ ಮನೇಲಿ ನೋಡಿರ್ತೀರ, ಗಟ್ಟಿ ಮಾವಿನ ಮಿಡಿ ಭರಣಿಗೆ ಹಾಕಿ ಕಲ್ಲುಪ್ಪು ಸುರಿದು ಮುಚ್ಚಿಟ್ರೆ ನಾಲ್ಕು ದಿನಕ್ಕೆ ಭರಣಿ ತುಂಬ ನೀರು ಬಿಟ್ಟಿರುತ್ತೆ, ಮಿಡಿ ಸುಕ್ಕುಗಟ್ಟಿರುತ್ತೆ. ಒಂದು ಹನಿ ನೀರು ಹಾಕಿಲ್ಲ, ಎಲ್ಲಾ ಮಿಡಿಯ ಕೋಶಗಳಿಂದಾನೇ ಬಂದಿದ್ದು. ಹೊರಗೆ ಉಪ್ಪು ಜಾಸ್ತಿ ಇದ್ರೆ ನೀರು ಪೊರೆ ದಾಟಿ ಆ ಕಡೆ ಹೋಗುತ್ತೆ. ಒಣದ್ರಾಕ್ಷಿಯನ್ನ ರಾತ್ರಿ ಬರೀ ನೀರಲ್ಲಿ ನೆನೆಹಾಕಿದ್ರೆ ಬೆಳಗ್ಗೆ ಉಬ್ಬಿರುತ್ತಲ್ಲ, ಅಲ್ಲಿ ನೀರು ಒಳಗೆ ಹೋಗಿದ್ದು. ಇದೇ ಆಸ್ಮೋಸಿಸ್, ಹೈಸ್ಕೂಲ್ ಪುಸ್ತಕದ ಅಭಿಸರಣೆ. ಕರಗಿದ ಪದಾರ್ಥ ಎಲ್ಲಿ ಜಾಸ್ತಿಯೋ ನೀರು ಅಲ್ಲಿಗೆ. ಕೆಲವು ಕೋಶಗಳಲ್ಲಿ ನೀರಿಗೇ ಅಂತ ಪ್ರತ್ಯೇಕ ಬಾಗಿಲೂ ಇವೆ, ಅಕ್ವಾಪೋರಿನ್ ಅಂತ, ಪೀಟರ್ ಆಗ್ರೆ ಅದನ್ನ ಕೆಂಪು ರಕ್ತಕಣದಲ್ಲಿ ಕಂಡುಹಿಡಿದು 2003ರಲ್ಲಿ ನೊಬೆಲ್ ತಗೊಂಡ್ರು.

ಆದ್ರೆ ಮುಖ್ಯ ಮಾತು ಇದು. ನೀರನ್ನ ಎಳೆದು ಒಳಗೆ ಹಾಕೋ ಪಂಪು ನಮ್ಮ ಮೈಯಲ್ಲಿ ಯಾವ ಕೋಶದಲ್ಲೂ ಇಲ್ಲ. ಒಂದರಲ್ಲೂ ಇಲ್ಲ. ದೇಹಕ್ಕೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ಬೇಕು ಅಂದ್ರೆ ಅದು ಉಪ್ಪನ್ನೋ ಸಕ್ಕರೆಯನ್ನೋ ಸಾಗಿಸುತ್ತೆ, ನೀರು ಹಸುವಿನ ಹಿಂದೆ ಕರು ಬಂದ ಹಾಗೆ ಬರುತ್ತೆ. ಕರುಳಲ್ಲೂ ಅಷ್ಟೇ. ಆ ರಾತ್ರಿ ಹುಡುಗ ಕುಡಿದ ಬರೀ ನೀರು ಕರುಳಲ್ಲಿ ನಿಲ್ಲದೇ ಹೋಗಿದ್ದಕ್ಕೆ ಅರ್ಧ ಉತ್ತರ ಇಲ್ಲಿದೆ, ಅದನ್ನ ಒಳಗೆ ಕರೆಯೋಕೆ ಪೊರೆಯ ಆಚೆ ಯಾರೂ ಹೋಗ್ತಿರಲಿಲ್ಲ.

ಹಾಗಾದ್ರೆ ಉಪ್ಪನ್ನ ಸಾಗಿಸೋರು ಯಾರು? ಕೋಶದ ರಕ್ತದ ಕಡೆಯ ಮುಖದಲ್ಲಿ ಒಂದು ಪಂಪು ಇದೆ, ಸೋಡಿಯಂ-ಪೊಟ್ಯಾಸಿಯಂ ಪಂಪು. ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ಏಡಿ ಕಾಲಿನ ನರಗಳನ್ನ ಅರೆದು ಪರೀಕ್ಷೆ ಮಾಡ್ತಾ ಇದನ್ನ ಕಂಡುಹಿಡಿದ್ರು, ನಲವತ್ತು ವರ್ಷ ಆದ್ಮೇಲೆ 1997ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ಪಂಪು ಒಂದು ಸಲ ತಿರುಗಿದ್ರೆ 3 ಸೋಡಿಯಂ ಕೋಶದಿಂದ ಹೊರಗೆ, 2 ಪೊಟ್ಯಾಸಿಯಂ ಒಳಗೆ, ಅದಕ್ಕೆ ಖರ್ಚು 1 ಎಟಿಪಿ. ಎಟಿಪಿ ಅಂದ್ರೆ ಕೋಶದೊಳಗೆ ನಡೆಯೋ ನಗದು, ಅದನ್ನ ಹೆಚ್ಚಾಗಿ ತಯಾರು ಮಾಡೋದು ಮೈಟೋಕಾಂಡ್ರಿಯಾ, ಊಟದಿಂದ ಬಂದ ಇಂಧನವನ್ನ ಆಕ್ಸಿಜನ್ ಜೊತೆ ಸುಟ್ಟು. ಮಕ್ಕಳಿಗೆ ನಾನು ಕೇಳೋ ಪ್ರಶ್ನೆಗೆ ಉತ್ತರ ಇದೇ, ನಾವು ಸುಮ್ಮನೆ ಮಲಗಿದ್ದಾಗ ಖರ್ಚಾಗೋ ಶಕ್ತೀಲಿ ಸುಮಾರು ಐದನೇ ಒಂದು ಭಾಗ ಈ ಒಂದು ಪಂಪಿಗೇ ಹೋಗುತ್ತೆ. ಹಗಲು ರಾತ್ರಿ ಹೀಗೆ ಎತ್ತಿ ಎತ್ತಿ ಹೊರಗೆ ಹಾಕೋದ್ರಿಂದ ರಕ್ತದಲ್ಲಿ ಸೋಡಿಯಂ 140ರ ಹತ್ರ ಇದ್ರೆ ಕೋಶದೊಳಗೆ ಬರೀ 10-15 ಇರುತ್ತೆ, ಅಳತೆ ಎರಡೂ ಕಡೆ ಮಿಲಿಮೋಲ್ ಪರ್ ಲೀಟರ್, ಅಂದ್ರೆ ಒಂದು ಲೀಟರಿನಲ್ಲಿ ಕರಗಿರೋ ಕಣಗಳ ಎಣಿಕೆ.

ತೋಟದ ಬಾವಿಗೆ ಮೋಟಾರ್ ಹಾಕಿ ನೀರು ಎತ್ತಿ ಖಾಲಿ ಮಾಡಿದ್ರೆ ಸುತ್ತಲ ಒರತೆಯಿಂದ ನೀರು ಜಿನುಗಿ ಒಳಗೆ ನುಗ್ಗುತ್ತಲ್ಲ, ಕೋಶ ಈಗ ಆ ಖಾಲಿ ಮಾಡಿದ ಬಾವಿ. ಕರುಳಿನ ಕಡೆ ಇರೋ ಸೋಡಿಯಂ ಒಳಗೆ ನುಗ್ಗೋಕೆ ಕಾಯ್ತಾ ಇದೆ, ಆದ್ರೆ ಪೊರೆ ಬಿಡಲ್ಲ. ಆ ಕಡೆಯ ಮುಖದಲ್ಲಿ, ಬ್ರಷ್ಷಿನ ಎಳೆಗಳ ಮೇಲೆ, ಒಂದು ವಿಶೇಷ ಬಾಗಿಲಿದೆ, ಹೆಸರು ಎಸ್‌ಜಿಎಲ್‌ಟಿ-1. ಇದು ತೆರೆಯೋದು ಒಂದೇ ಷರತ್ತಿಗೆ, 2 ಸೋಡಿಯಂ ಜೊತೆಗೆ 1 ಗ್ಲೂಕೋಸ್ ಇರಬೇಕು. ಮೊದಲು ಸೋಡಿಯಂ ಬಂದು ಕೂರುತ್ತೆ, ಆಗ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗಿ ಗ್ಲೂಕೋಸಿಗೆ ಸರಿಯಾದ ಗೂಡು ಸಿದ್ಧ ಆಗುತ್ತೆ, ಗ್ಲೂಕೋಸ್ ಬಂದು ಕೂತ ತಕ್ಷಣ ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆಯುತ್ತೆ, ಮೂರೂ ಒಳಗೆ ಇಳೀತವೆ. ಸೋಡಿಯಂ ಇಲ್ಲದೆ ಗ್ಲೂಕೋಸ್ ಈ ಬಾಗಿಲಲ್ಲಿ ಬರೋಕಾಗಲ್ಲ, ಗ್ಲೂಕೋಸ್ ಇಲ್ದೆ ಸೋಡಿಯಂ ಕೂಡ ಬಾಗಿಲಲ್ಲೇ ಬಾಕಿ.

ಗಮನಿಸಿ, ಈ ಬಾಗಿಲು ಸ್ವಂತಕ್ಕೆ ಎಟಿಪಿ ಖರ್ಚು ಮಾಡಲ್ಲ. ಹಿಂದುಗಡೆ ಪಂಪು ಖಾಲಿ ಮಾಡಿಟ್ಟಿದೆಯಲ್ಲ, ಆ ಇಳಿಜಾರಿನಲ್ಲೇ ಸೋಡಿಯಂ ಜಾರುತ್ತೆ, ಜಾರುವಾಗ ಗ್ಲೂಕೋಸನ್ನ ಕೈ ಹಿಡಿದು ಎಳ್ಕೊಂಡು ಬರುತ್ತೆ. ಒಳಗೆ ಬಂದ ಸೋಡಿಯಂನ ಪಂಪು ರಕ್ತದ ಕಡೆಗೆ ಎತ್ತಿ ಹಾಕುತ್ತೆ, ಗ್ಲೂಕೋಸ್ ಗ್ಲೂಟ್-2 ಅನ್ನೋ ಇನ್ನೊಂದು ಬಾಗಿಲಲ್ಲಿ ಅದೇ ಕಡೆಗೆ ಇಳಿಯುತ್ತೆ, ಆ ಕಡೆ ಕರಗಿದ ಪದಾರ್ಥ ಜಾಸ್ತಿ ಆಯ್ತು ಅಂದ ಮೇಲೆ ನೀರು ಕೋಶದ ಮೂಲಕವೂ ಪಕ್ಕದ ಸಂದಿಯಿಂದಲೂ ಹಿಂದೆಯೇ ಬರುತ್ತೆ. ಅಕ್ಕನ ಪ್ರಶ್ನೆಗೆ ಉತ್ತರ ಇದು. ಓಆರ್‌ಎಸ್‌ನಲ್ಲಿರೋ ಗ್ಲೂಕೋಸ್ ರುಚಿಗೂ ಅಲ್ಲ, ಮುಖ್ಯವಾಗಿ ಶಕ್ತಿಗೂ ಅಲ್ಲ, ಅದು ಉಪ್ಪಿಗೆ ಬಾಗಿಲು ತೆಗೆಸೋ ಕೀಲಿಕೈ, ಉಪ್ಪು ಹೋದ್ರೆ ನೀರು ಹೋಗುತ್ತೆ.

ಸೋಡಿಯಂ ಗ್ಲೂಕೋಸ್ ಜೋಡಿಯಾಗಿ ಹೋಗ್ತವೆ ಅಂತ ಮೊದಲು ಹೇಳಿದ್ದು ರಾಬರ್ಟ್ ಕ್ರೇನ್, 1960ರ ಆಗಸ್ಟಿನಲ್ಲಿ, ಪ್ರಾಗ್ ನಗರದ ಒಂದು ಸಭೇಲಿ. ಕೆಲವು ಮಕ್ಕಳು ಹುಟ್ಟುವಾಗಲೇ ಈ ಎಸ್‌ಜಿಎಲ್‌ಟಿ-1 ಕೆಟ್ಟಿರುತ್ತೆ, ತೀರ ಅಪರೂಪ, ಆದ್ರೆ ಅಂಥ ಮಗು ತಾಯಿ ಹಾಲು ಕುಡಿದ್ರೂ ಸಾಕು, ಹಾಲಿನ ಸಕ್ಕರೆ ಒಳಗೆ ಹೋಗದೆ ಕರುಳಲ್ಲೇ ಉಳಿದು ನೀರನ್ನ ಎಳ್ಕೊಂಡು ವಿಪರೀತ ಭೇದಿ ಆಗುತ್ತೆ, ಒಂದು ಬಾಗಿಲಿನ ಬೆಲೆ ಏನು ಅಂತ ಇದರಿಂದಲೇ ಗೊತ್ತಾಗುತ್ತೆ. ಹಾಗೇ ಇದರ ತಮ್ಮನಂಥ ಎಸ್‌ಜಿಎಲ್‌ಟಿ-2 ಕಿಡ್ನಿಯಲ್ಲಿದೆ, ಮನೇಲಿ ಶುಗರ್ ಇರೋರು ಯಾರಾದ್ರೂ ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೋತಿದ್ರೆ ಅದು ಮುಚ್ಚೋದು ಆ ಬಾಗಿಲನ್ನೇ.

ಇನ್ನು ಈ ಬಾಗಿಲು ಎಲ್ಲಿಂದ ಬಂತು? ಪುಸ್ತಕದ ಚಿತ್ರದಲ್ಲಿರೋ ಒಳಭಾಗಗಳೆಲ್ಲ ಇಲ್ಲಿ ಕೆಲಸಕ್ಕೆ ಬರೋದು. ಎಸ್‌ಜಿಎಲ್‌ಟಿ-1 ಮಾಡೋ ವಿವರ 22ನೇ ಕ್ರೋಮೋಸೋಮಿನಲ್ಲಿದೆ, ಅದು ಕೋಶಕೇಂದ್ರ ಬಿಟ್ಟು ಆಚೆ ಬರಲ್ಲ, ಅದರ ಒಂದು ನಕಲು, ಮೆಸೆಂಜರ್ ಆರ್‌ಎನ್‌ಎ, ಕೋಶಕೇಂದ್ರದ ರಂಧ್ರದಿಂದ ಹೊರಗೆ ಬರುತ್ತೆ. ರೈಬೋಸೋಮ್ ಅದನ್ನ ಓದಿ ಅಮೈನೋ ಆಮ್ಲಗಳನ್ನ ಹೂ ಕಟ್ಟಿದ ಹಾಗೆ ಒಂದೊಂದಾಗಿ ಪೋಣಿಸ್ತಾ ಹೋಗುತ್ತೆ, ಒಟ್ಟು 664. ಇದು ಪೊರೆಯಲ್ಲಿ ಕೂರಬೇಕಾದ ಪ್ರೋಟೀನ್, ನೀರಲ್ಲಿ ಬಿಟ್ರೆ ಮುದ್ದೆ ಆಗಿಬಿಡುತ್ತೆ, ಹಾಗಾಗಿ ಪೋಣಿಸೋವಾಗಲೇ ರೈಬೋಸೋಮ್ ಸಮೇತ ಕೋಶದೊಳಗಿನ ಪೊರೆಯ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ, ಚಿಕ್ಕದಾಗಿ ಇ.ಆರ್‌ಗೆ, ಹೋಗಿ ಅಂಟ್ಕೊಳ್ಳುತ್ತೆ, ಪೋಣಿಸ್ತಾ ಪೋಣಿಸ್ತಾನೇ ಅದರ ಪೊರೆಯೊಳಗೆ ಹೊಲಿದ ಹಾಗೆ ಹೊಕ್ಕು ಹೊರಟು 14 ಸಲ ದಾಟುತ್ತೆ. ಇ.ಆರ್‌ನಲ್ಲಿ ಸರಿಯಾಗಿ ಮಡಿಚಿದೆಯಾ ಅಂತ ಪರೀಕ್ಷೆ ಇದೆ, ಮಡಿಕೆ ತಪ್ಪಿದ್ದನ್ನ ಹಿಂಬಾಗಿಲಿಂದ ಕೋಶದ್ರವಕ್ಕೆ ತಳ್ಳಿ ಅಲ್ಲೇ ಚೂರು ಮಾಡ್ತಾರೆ. ಈ ಹಿಂಬಾಗಿಲು ನೆನಪಲ್ಲಿಟ್ಕೊಳ್ಳಿ, ಈಗ ಬೇಕಾಗುತ್ತೆ.

ಪಾಸಾದ ಪ್ರೋಟೀನ್ ಸಣ್ಣ ಗುಳ್ಳೆಯಲ್ಲಿ ಕೂತು ಗಾಲ್ಜಿಗೆ ಹೋಗುತ್ತೆ, ಅಲ್ಲಿ ಅದರ ಮೇಲಿನ ಸಕ್ಕರೆ ಸರಪಳಿ ತಿದ್ದಿ, ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ವಿಂಗಡಿಸಿ ಕಳಿಸ್ತಾರೆ, ಅಂಚೆ ಕಚೇರಿಯಲ್ಲಿ ಪಿನ್‌ಕೋಡ್ ನೋಡಿ ಮೂಟೆ ಕಟ್ಟಿದ ಹಾಗೆ. ಇಲ್ಲಿ ವಿಂಗಡಣೆ ಅನ್ನೋದು ಜೀವನ್ಮರಣದ ವಿಷಯ. ಎಸ್‌ಜಿಎಲ್‌ಟಿ-1 ಊಟದ ಕಡೆಯ ಮುಖಕ್ಕೆ ಹೋಗ್ಬೇಕು, ಸೋಡಿಯಂ ಪಂಪು ರಕ್ತದ ಕಡೆಯ ಮುಖಕ್ಕೆ. ಎರಡೂ ಒಂದೇ ಕಡೆ ಹೋಗಿ ಕೂತ್ರೆ ಬಂದ ಸೋಡಿಯಂ ಬಂದ ಬಾಗಿಲಿಗೇ ವಾಪಸ್, ಒಂದು ಹನಿ ನೀರೂ ರಕ್ತ ಸೇರಲ್ಲ. ಪಕ್ಕಪಕ್ಕದ ಕೋಶಗಳನ್ನ ಮೇಲಂಚಿನಲ್ಲಿ ಬಿಗಿಯಾಗಿ ಹೊಲಿದ ಹಾಗೆ ಒಂದು ಪಟ್ಟಿ ಇರುತ್ತೆ, ಅದು ಇದ್ದಿದ್ರಿಂದಲೇ ಒಂದು ಮುಖದ ಪ್ರೋಟೀನ್ ಪೊರೆಯಲ್ಲಿ ತೇಲ್ಕೊಂಡು ಇನ್ನೊಂದು ಮುಖಕ್ಕೆ ಹೋಗಲ್ಲ. ಹಳೇದಾಗಿ ಸವೆದ ಪ್ರೋಟೀನ್‌ಗಳನ್ನ ಒಳಗೆ ಎಳ್ಕೊಂಡು ಲೈಸೋಸೋಮ್ ಜೀರ್ಣ ಮಾಡಿಬಿಡುತ್ತೆ, ಆ ಅಮೈನೋ ಆಮ್ಲಗಳು ಮತ್ತೆ ಪೋಣಿಸೋಕೆ ಬರ್ತವೆ.

ಈಗ ಇದೇ ದಾರಿಯನ್ನ ಉಲ್ಟಾ ನಡೆಯೋ ಒಬ್ಬ ಕಳ್ಳನ ವಿಷಯ ಹೇಳ್ತೀನಿ, ಕಾಲರಾ. ಅಕ್ಕನ ಮಗನಿಗೆ ಆಗಿದ್ದು ಕಾಲರಾ ಅಲ್ಲ, ಆದ್ರೆ ಓಆರ್‌ಎಸ್ ಹುಟ್ಟಿದ್ದೇ ಕಾಲರಾದಿಂದ, ಮತ್ತೆ ಕೋಶ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸೋ ರೋಗ ನಂಗೆ ಇನ್ನೊಂದು ಗೊತ್ತಿಲ್ಲ. ಕಾಲರಾ ಬ್ಯಾಕ್ಟೀರಿಯಾ ಕೋಶದೊಳಗೆ ನುಗ್ಗಲ್ಲ, ಕರುಳಲ್ಲೇ ಕೂತು ಒಂದು ವಿಷ ಬಿಡುತ್ತೆ. ಇದನ್ನ 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸ್ಕೊಟ್ಟಿದ್ದು ಕಲ್ಕತ್ತಾದ ಶಂಭುನಾಥ್ ಡೇ, ನಮ್ಮ ದೇಶದ ದೊಡ್ಡ ವಿಜ್ಞಾನಿ, ನಮ್ಮಲ್ಲಿ ಎಷ್ಟೋ ಜನಕ್ಕೆ ಹೆಸರೇ ಗೊತ್ತಿಲ್ಲ ಅನ್ನೋದು ಸಂಕಟ.

ಆ ವಿಷದಲ್ಲಿ ಆರು ತುಂಡುಗಳು, ಐದು ತುಂಡು ಉಂಗುರದ ಹಾಗೆ ನಿಂತು ಪೊರೆಯ ಮೇಲಿನ ಜಿಎಂ-1 ಅನ್ನೋ ಸಕ್ಕರೆ ಹೊತ್ತ ಕೊಬ್ಬಿಗೆ ಅಂಟ್ಕೊಳ್ತವೆ, ಆರನೆಯದು ಮಧ್ಯೆ ಕೂತಿರೋ ಅಸಲಿ ವಿಷ. ಕೋಶ ತನ್ನ ಪೊರೆಯ ತುಂಡನ್ನ ಆಗಾಗ ಒಳಗೆ ಎಳ್ಕೊಳ್ತಾ ಇರುತ್ತಲ್ಲ, ಆ ಗುಳ್ಳೆಯಲ್ಲೇ ಇದೂ ಸವಾರಿ ಮಾಡುತ್ತೆ. ಲೈಸೋಸೋಮ್‌ಗೆ ಹೋದ್ರೆ ಸತ್ತ, ಆದ್ರೆ ಅದು ಗಾಲ್ಜಿ ಕಡೆಗೆ ಹೋಗುತ್ತೆ, ಅಲ್ಲಿಂದ ಹಿಂದಕ್ಕೆ ಇ.ಆರ್‌ಗೆ, ಇ.ಆರ್‌ನಲ್ಲಿ ಆ ಆರನೇ ತುಂಡಿನ ಒಂದು ಭಾಗ ಮಡಿಕೆ ಬಿಚ್ಚಿಕೊಂಡು ಕೆಟ್ಟ ಪ್ರೋಟೀನಿನ ವೇಷ ಹಾಕುತ್ತೆ, ಆಗ ಕೋಶ ತಾನೇ ಅದನ್ನ ಆ ಹಿಂಬಾಗಿಲಿಂದ ಕೋಶದ್ರವಕ್ಕೆ ತಳ್ಳುತ್ತೆ. ಹೊರಗೆ ಬಂದಿದ್ದೇ ಮತ್ತೆ ಮಡಿಚ್ಕೊಂಡು ಕೆಲಸ ಶುರು. ಕೋಶದ ಒಂದು ಸ್ವಿಚ್ಚನ್ನ, ಜಿ-ಪ್ರೋಟೀನ್ ಅಂತಾರೆ, ಆನ್ ಮಾಡಿ ಅಲ್ಲೇ ಸಿಕ್ಕಿಹಾಕಿಸುತ್ತೆ, ಆಫ್ ಮಾಡೋಕಾಗಲ್ಲ. ಅದರಿಂದ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶದ ಅಣು ಕೋಶದ ತುಂಬ ತುಂಬ್ಕೊಳ್ಳುತ್ತೆ, ಅದು ಸಿಎಫ್‌ಟಿಆರ್ ಅನ್ನೋ ಕ್ಲೋರೈಡ್ ಬಾಗಿಲನ್ನ ತೆರೆದು ಹಿಡಿಯುತ್ತೆ, ಕ್ಲೋರೈಡ್ ಕರುಳಿಗೆ ಸುರಿಯುತ್ತೆ, ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಕರು ಈಗ ಆ ಕಡೆ ಓಡುತ್ತೆ. ಜೋರಾದ ಕಾಲರಾದಲ್ಲಿ ದೊಡ್ಡವರಿಗೆ ಗಂಟೆಗೆ ಒಂದು ಲೀಟರ್ ತನಕ ಗಂಜಿ ತಿಳಿ ಥರದ ನೀರು ಹೋಗಬಹುದು. ಇದು ಸಾಲದು ಅಂತ ಅದೇ ಸೈಕ್ಲಿಕ್ ಎಎಂಪಿ, ಮಾಮೂಲಿ ದಿನಗಳಲ್ಲಿ ಬರೀ ಉಪ್ಪನ್ನ ಹೀರ್ಕೊಳ್ಳೋ ಇನ್ನೊಂದು ಬಾಗಿಲನ್ನೂ ಮುಚ್ಚಿಸಿಬಿಡುತ್ತೆ, ಹಾಗಾಗಿ ಕಾಲರಾ ರೋಗಿಗೆ ಬರೀ ಉಪ್ಪುನೀರು ಕುಡಿಸಿದ್ರೂ ಒಳಗೆ ಹೋಗಲ್ಲ.

ಆದ್ರೆ ಇಷ್ಟೆಲ್ಲ ಹಾಳು ಮಾಡಿದ ವಿಷ ಒಂದನ್ನ ಮುಟ್ಟಲ್ಲ, ಎಸ್‌ಜಿಎಲ್‌ಟಿ-1 ಬಾಗಿಲನ್ನ. ಅದು ಹಾಗೇ ಕೆಲಸ ಮಾಡ್ತಾ ಇರುತ್ತೆ. ಮನುಷ್ಯ ಬದುಕೋಕೆ ಉಳಿದಿರೋ ಒಂದು ಕಿಟಕಿ ಅದು. ನಾನು ಇದನ್ನ ಕ್ಲಾಸಲ್ಲಿ ಹೇಳುವಾಗ ಪ್ರತಿ ಸಲ ಮೈ ಜುಂ ಅನ್ನುತ್ತೆ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳಿಗೆ ಉಪ್ಪು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ತೋರಿಸಿದ್ರು, ಡ್ರಿಪ್ ಬಹಳ ಕಮ್ಮಿ ಸಾಕಾಯ್ತು. ಆದ್ರೂ ವೈದ್ಯರಿಗೆ ನಂಬಿಕೆ ಬಂದಿರಲಿಲ್ಲ, ಆಸ್ಪತ್ರೆಲಿ ಡಾಕ್ಟ್ರು ನರ್ಸು ನಿಂತು ನೋಡ್ಕೊಂಡಾಗ ಸರಿ, ಊರಲ್ಲಿ ಆಗುತ್ತಾ ಅಂತ. 1971ರಲ್ಲಿ ಬಾಂಗ್ಲಾ ಯುದ್ಧ ಆದಾಗ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದ್ರು, ಗಡಿ ಹತ್ರದ ಬೊನಗಾಂವ್ ಆಸ್ಪತ್ರೆಲಿ ಕಾಲರಾ ರೋಗಿಗಳನ್ನ ನೆಲದ ಮೇಲೆ ಮಲಗಿಸಿದ್ರು, ಡ್ರಿಪ್ ಬಾಟಲಿ ಮುಗೀತಾ ಬಂತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪುಡಿ ಬೆರೆಸಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕರಗಿಸಿ, ರೋಗಿಗಳ ಜೊತೆ ಬಂದಿದ್ದ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದ್ರು. ಶೇಕಡಾ 30ರ ಹತ್ರ ಇದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳೀತು. 2022ರಲ್ಲಿ ಅವರು ತೀರಿಕೊಂಡ್ರು, ಮಾರನೇ ವರ್ಷ ಪದ್ಮವಿಭೂಷಣ ಬಂತು. ತಾಯಂದಿರು, ಅಣ್ಣತಮ್ಮಂದಿರು ಕೂತು ಕುಡಿಸಿದ್ದು ಅದು, ನಮ್ಮಮ್ಮ ಚಮಚ ಹಿಡಿದು ಕೂತಿದ್ಲಲ್ಲ, ಹಾಗೇ.

ಈಗಿನ ಪ್ಯಾಕೆಟ್ಟಿನ ಲೆಕ್ಕ 2002ರಲ್ಲಿ ಡಬ್ಲ್ಯುಎಚ್‌ಒ ಬದಲಾಯಿಸಿದ್ದು. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಜಾಸ್ತಿ ಅನ್ಸುತ್ತೆ, ಅಕ್ಕನಿಗೆ ಗಾಬರಿ ಆಗಿದ್ದು ಅದಕ್ಕೇ, ಆದ್ರೆ ಗ್ಲೂಕೋಸ್ ಅಣು ತೂಕದ್ದು, ಅಣುಗಳನ್ನ ಎಣಿಸಿದ್ರೆ ಸೋಡಿಯಂ 75 ಗ್ಲೂಕೋಸ್ 75 ಮಿಲಿಮೋಲ್, ಸರಿಸಮ. ಎಲ್ಲ ಸೇರಿ ಕರಗಿದ ಕಣಗಳ ಒಟ್ಟು ಲೆಕ್ಕ 245, ನಮ್ಮ ರಕ್ತದ್ದು 290ರ ಆಸುಪಾಸು, ಅಂದ್ರೆ ರಕ್ತಕ್ಕಿಂತ ತೆಳು, ನೀರು ರಕ್ತದ ಕಡೆಗೇ ಹರಿಯೋಕೆ ಅನುಕೂಲ.

ಇಲ್ಲಿಂದ ಒಂದು ಎಚ್ಚರಿಕೆ ಬರುತ್ತೆ. ಆ ರಾತ್ರಿ ಮೊದಲು ಅಂಗಡಿಗೆ ಓಡಿದಾಗ ಅಲ್ಲಿ ಓಆರ್‌ಎಸ್ ಅಂತ ಕೊಟ್ಟಿದ್ದು ಹಣ್ಣಿನ ಚಿತ್ರ ಇರೋ ಟೆಟ್ರಾ ಪ್ಯಾಕ್, ಹಿಂದೆ ತಿರುಗಿಸಿ ಓದಿದ್ರೆ ಸಕ್ಕರೆ ಪ್ಯಾಕೆಟ್ ಓಆರ್‌ಎಸ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ವಾಪಸ್ ಇಟ್ಟು ಬಂದೆ. ಮಾವಿನ ಮಿಡಿ ನೆನಪು ಮಾಡ್ಕೊಳ್ಳಿ, ಕರುಳಲ್ಲಿ ಸಕ್ಕರೆ ಅಷ್ಟೊಂದು ಗಟ್ಟಿಯಾಗಿ ಕೂತ್ರೆ ಬಾಗಿಲುಗಳು ಸಾಕಾಗಲ್ಲ, ಉಳಿದ ಸಕ್ಕರೆ ರಕ್ತದ ಕಡೆಯಿಂದ ನೀರನ್ನ ವಾಪಸ್ ಕರುಳಿಗೆ ಎಳೆಯುತ್ತೆ, ಭೇದಿ ಇನ್ನೂ ಜಾಸ್ತಿ. ಭೇದಿಗೆ ಸಿಹಿ ಕೊಡಬೇಡ ಅಂತ ಅಮ್ಮ ಹೇಳ್ತಿದ್ದ ಮಾತೂ ಹಾಗಾಗಿ ಸುಳ್ಳಲ್ಲ, ಅಳತೆ ಮೀರಿದ ಸಿಹಿಗೆ ಅದು ಸರಿಯಾದ ಮಾತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನೋ ಪದ ಬಳಸಬಾರದು ಅಂತ ಆದೇಶ ಮಾಡಿತು, ಆದ್ರೂ ತಗೊಳ್ಳುವಾಗ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿದೆಯಾ ನೋಡಿ ತಗೊಳ್ಳಿ. ಹಾಗೇ ಪ್ಯಾಕೆಟ್ ಒಂದು ಲೀಟರಿಂದಾದ್ರೆ ಪೂರ್ತಿ ಒಂದು ಲೀಟರಿಗೇ ಹಾಕಿ, ಒಂದು ಲೋಟಕ್ಕೆ ಕಾಲು ಪ್ಯಾಕೆಟ್ ಅಂತ ಅಂದಾಜು ಮಾಡಿದ್ರೆ ಈ ಲೆಕ್ಕವೆಲ್ಲ ಕೆಡುತ್ತೆ.

ಪ್ಯಾಕೆಟ್ ಸಿಗದ ಕಡೆ, ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮನೆ ಸಕ್ಕರೆ ಸುಕ್ರೋಸ್, ಬ್ರಷ್ಷಿನ ಎಳೆಗಳ ಮೇಲೆ ಕೂತಿರೋ ಕಿಣ್ವ ಅದನ್ನ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ಹೋಳು ಮಾಡುತ್ತೆ, ನಮ್ಮ ಬಾಗಿಲಿಗೆ ಬೇಕಾಗೋದು ಗ್ಲೂಕೋಸ್ ಹೋಳು ಮಾತ್ರ, ಅದಕ್ಕೇ ಸಕ್ಕರೆ ಗ್ಲೂಕೋಸಿನ ಎರಡರಷ್ಟು ಬೇಕು. ನಮ್ಮ ಕಡೆ ಭೇದಿಗೆ ಉಪ್ಪು ಹಾಕಿದ ಅಕ್ಕಿ ಗಂಜಿ ಕೊಡೋದು ಇದೇ ಬಾಗಿಲಿಗೆ ಹೋಗಿ ನಿಲ್ಲುತ್ತೆ, ಅಕ್ಕಿಯ ಪಿಷ್ಟ ಅಂದ್ರೆ ಗ್ಲೂಕೋಸಿನ ಉದ್ದ ಸರ, ಅದು ಕರುಳಲ್ಲಿ ನಿಧಾನಕ್ಕೆ ಒಂದೊಂದೇ ಬಿಡಿಸ್ಕೊಳ್ಳುತ್ತೆ, ಹಾಗಾಗಿ ಒಂದೇ ಸಲಕ್ಕೆ ಗಟ್ಟಿ ಸಕ್ಕರೆಯ ಕಾಟ ಇಲ್ಲ. ಹಾಗಂತ ಮಗು ತೀರಾ ಸುಸ್ತಾಗಿ ಕಣ್ಣು ಬಿಡ್ತಿಲ್ಲ, ಕುಡಿಸಿದ್ದೆಲ್ಲ ವಾಂತಿ ಆಗ್ತಿದೆ, ಆರು ಗಂಟೆ ಆದ್ರೂ ಮೂತ್ರ ಬಂದಿಲ್ಲ, ಮಲದಲ್ಲಿ ರಕ್ತ ಇದೆ ಅಂದ್ರೆ ಮನೇಲಿ ಕೂರಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮಗು ಎಚ್ಚರವಾಗಿದ್ದು ನುಂಗೋಕೆ ಆಗ್ತಿದ್ರೆ ಮಾತ್ರ ದಾರಿಯುದ್ದಕ್ಕೂ ಚಮಚ ಚಮಚ ಕುಡಿಸ್ತಾ ಇರಿ.

ಒಂದು ವಿಷಯ ಗೊತ್ತಿರಲಿ, ಓಆರ್‌ಎಸ್ ಭೇದಿಯನ್ನ ನಿಲ್ಲಿಸಲ್ಲ. ಕಾಲರಾದಲ್ಲಿ ಸಿಕ್ಕಿಹಾಕ್ಕೊಂಡ ಆ ಸ್ವಿಚ್ಚನ್ನ ಬಿಡಿಸೋ ಔಷಧಿ ಇಲ್ಲ, ಆ ಕೋಶ ಇರೋ ತನಕ ಅದು ಆನ್ ಆಗೇ ಇರುತ್ತೆ. ಆದ್ರೆ ಕರುಳಿನ ಕೋಶಗಳ ಆಯಸ್ಸೇ ಮೂರರಿಂದ ಐದು ದಿನ. ಬುಡದ ಗುಂಡಿಗಳಲ್ಲಿ ಹೊಸ ಕೋಶಗಳು ಹುಟ್ಟಿ ಮೇಲಕ್ಕೆ ಸರೀತಾ ಬರ್ತವೆ, ತುದಿಯಲ್ಲಿರೋ ಹಳೇವು ಉದುರಿ ಹೋಗ್ತವೆ, ವಿಷ ತಿಂದಿದ್ದೂ ಹಾಗೇ ಉದುರುತ್ತೆ, ಅದರ ಜಾಗಕ್ಕೆ ಬಂದ ಕೋಶಕ್ಕೆ ಹೊಸ ಸ್ವಿಚ್ಚು, ಹೊಸ ಪಂಪು, ಹೊಸ ಬಾಗಿಲು. ಅಲ್ಲೀವರೆಗೆ ರಕ್ತದಲ್ಲಿ ನೀರು ಕಮ್ಮಿ ಆಗದ ಹಾಗೆ ನೋಡ್ಕೊಳ್ಳೋದೇ ಆ ಚಮಚದ ಕೆಲಸ.

ನಮ್ಮ ಹುಡುಗ ಬೆಳಗಿನ ಜಾವ ಐದು ಗಂಟೆಗೆ ಎದ್ದು ಉಚ್ಚೆ ಬಂತು ಅಂದ. ಅಮ್ಮ ಆಗ ಲೋಟ ಕೆಳಗಿಟ್ಟು, ಇನ್ನು ಪರವಾಗಿಲ್ಲ ಅಂತ ಹೇಳಿ, ಮಿಕ್ಕಿದ್ದ ಓಆರ್‌ಎಸ್ ಮೇಲೆ ತಟ್ಟೆ ಮುಚ್ಚಿ ಮಲಗೋಕೆ ಹೋದ್ಲು. ಭೇದಿ ಇನ್ನೂ ಎರಡು ದಿನ ಇತ್ತು.